ಹನ್ನೆರಡೂವರೆಗೆ ಆ ತಾಯಿ ಎಲ್ಲಿರುತ್ತಾಳೆ?

ಅಕ್ಕೋರಿಗೆ ಪತ್ರ: ಓದುಗರ ಪ್ರಶ್ನೆ, ಉತ್ತರ

(ಉತ್ತರಿಸುವವರು ರಾಯಚೂರು ಜಿಲ್ಲೆಯಲ್ಲಿ 27 ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತರಾದವರು.)

ಪ್ರಶ್ನೆ: ನಾನು ಎಂ.ಎಸ್‌.ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮೂರ ಪಕ್ಕದ ತಾಂಡಾ ಮತ್ತು ಕೇರಿಯಲ್ಲಿ ಬಡ ತಾಯಂದಿರು ಮಕ್ಕಳನ್ನು ಹೇಗೆ ಸಾಕುತ್ತಾರೆ ಎಂಬ ಬಗ್ಗೆ ಸಮೀಕ್ಷೆ ಮಾಡುತ್ತಿದ್ದೇನೆ. 64 ಪ್ರಶ್ನೆಗಳ ನಮೂನೆ ಇದೆ. ಆದರೆ ಹೆಂಗಸರು ಎಲ್ಲದಕ್ಕೂ ‘ಹೂಂರಿ’ ಅನ್ನುತ್ತಾರೆ. ದಿನಾ ತರಕಾರಿ ಕೊಡುತ್ತೀರಾ? ಹೂಂರಿ. ಕೈ ತೊಳೆದು ಉಣಿಸುತ್ತೀರಾ? ಹೂಂರಿ. ನಿಜವಾದ ಉತ್ತರ ಪಡೆಯುವುದು ಹೇಗೆ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗಿ, ಆ ‘ಹೂಂರಿ’ಯನ್ನು ಸುಳ್ಳು ಎಂದುಕೊಳ್ಳಬೇಡಮ್ಮ. ಬಂದವರ ಮನಸ್ಸು ನೋಯಬಾರದು, ಅವರು ಬೇಗ ಎದ್ದು ಹೋಗಲೂ ಬೇಕು, ಎರಡೂ ಸೇರಿದ ಮರ್ಯಾದೆಯ ಮಾತು ಅದು. ಕೂಲಿಯಿಂದ ಬಂದು ಒಲೆ ಹೊತ್ತಿಸುವ ಹೊತ್ತಿಗೆ ಕೈಯಲ್ಲಿ ಫಾರಂ ಹಿಡಿದವರು ಎದುರು ಕೂತರೆ ನಾನಾದರೂ ಹೂಂ ಎಂದೇ ಅನ್ನುತ್ತೇನೆ.

ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಶುರುವಾಯಿತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಉಣ್ಣಬೇಕು. ತಿಂಗಳಿಗೆ 25 ದಿನ. ಒಳ್ಳೆಯ ಯೋಜನೆ. ನಾನು ಖುಷಿಯಿಂದಲೇ ಊರೂರು ಸುತ್ತಿದೆ. ಆದರೆ ನನ್ನ ವಲಯದ ಒಂದು ಊರಿನಲ್ಲಿ ಪಟ್ಟಿಯಲ್ಲಿ 19 ಹೆಸರಿದ್ದರೆ ಊಟಕ್ಕೆ ಬರುತ್ತಿದ್ದವರು ನಾಲ್ಕೈದು ಮಂದಿ. ತಿಂಗಳ ವರದಿಯಲ್ಲಿ ಕಾರಣದ ಕಾಲಂ ಇತ್ತು. ‘ಫಲಾನುಭವಿಗಳಿಗೆ ಆಸಕ್ತಿ ಇಲ್ಲ’ ಎಂದು ಬರೆದೆ. ಮೂರು ತಿಂಗಳು ಅದನ್ನೇ ಬರೆದೆ.

ನಾಲ್ಕನೇ ತಿಂಗಳು ಅದೇ ಊರಿನ ಒಬ್ಬ ಹಿರಿಯ ಹೆಂಗಸು, ಹೆರಿಗೆ ಮಾಡಿಸಿ ಕೈ ಪಳಗಿದವಳು, ನನ್ನ ರಿಜಿಸ್ಟರಿನ ಮೇಲೆ ಕೈ ಇಟ್ಟು ಅಂದಳು: “ಉಣ್ಣಾಕ ಬರಂಗಿಲ್ಲ ಅಂತ ಬರಕೋತೀರಿ. ಯಾಕ ಬರಂಗಿಲ್ಲ ಅಂತ ಒಮ್ಮೆನೂ ಕೇಳಿಲ್ಲಲ್ರಿ ಅಕ್ಕೋರ.”

ಆವತ್ತು ರಾತ್ರಿ ಅಲ್ಲೇ ಉಳಿದೆ. ಊಟವಾದ ಮೇಲೆ ಅವಳ ಅಂಗಳದಲ್ಲಿ ಹನ್ನೊಂದು ಜನ ಹೆಂಗಸರು ಕೂತರು. ಇದ್ದಿಲಿನಿಂದ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆವು. ಈ ತುದಿ ಕೋಳಿ ಕೂಗುವ ಹೊತ್ತು, ಆ ತುದಿ ಮಲಗುವ ಹೊತ್ತು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೋ ಅಷ್ಟು ಹುಣಸೆ ಬೀಜ ಇಡಿ ಅಂದೆ. ನೀರಿಗೆ ಇಟ್ಟರು, ರೊಟ್ಟಿ ಬಡಿಯುವುದಕ್ಕೆ ಇಟ್ಟರು, ಎಮ್ಮೆಗೆ ಇಟ್ಟರು. ಬೆಳಿಗ್ಗೆ ಎಂಟರಿಂದ ಸಂಜೆ ಐದೂವರೆವರೆಗೆ ಒಂದೇ ರಾಶಿ: ಹತ್ತಿ ಬಿಡಿಸುವುದು. ಹೊಲ ಊರಿಂದ ಮೂರು ಕಿಲೋಮೀಟರ್. ಅಂಗನವಾಡಿಯ ಊಟ ಹನ್ನೆರಡೂವರೆಗೆ. ಹತ್ತಿಯ ಕೂಲಿ ದಿನದ ಲೆಕ್ಕವಲ್ಲ, ಕೆ.ಜಿ. ಲೆಕ್ಕ. ನಡುವೆ ಎದ್ದು ಊಟಕ್ಕೆ ಬಂದು ಹೋದರೆ ಚೀಲ ಅರ್ಧ ಖಾಲಿ. ಜೊತೆಗೆ ಇಬ್ಬರು ಹುಡುಗಿಯರು ತಲೆ ತಗ್ಗಿಸಿಕೊಂಡೇ ಇನ್ನೊಂದು ಮಾತು ಹೇಳಿದರು. ಅಂಗನವಾಡಿ ಇರುವ ಓಣಿಗೆ ತಮ್ಮ ಕೇರಿಯಿಂದ ಹೋಗಿ, ಅಲ್ಲಿಯವರ ಸಾಲಿನಲ್ಲಿ ಕೂತು ಉಣ್ಣಲು ತಮ್ಮ ಮನೆಯವರಿಗೇ ಅಂಜಿಕೆ.

‘ಆಸಕ್ತಿ ಇಲ್ಲ’ ಎಂಬ ಎರಡು ಪದದ ಅಡಿಯಲ್ಲಿ ನಾನು ಇಷ್ಟನ್ನು ಹೂತು ಹಾಕಿದ್ದೆ.

ನಿಯಮ ಬದಲಿಸುವ ಅಧಿಕಾರ ನನಗಿರಲಿಲ್ಲ. ದಾರಿ ಹುಡುಕಿದವರು ಆ ಹೆಂಗಸರೇ. ಕೂಲಿ ಗುಂಪನ್ನು ಹೊಂದಿಸುವ ಹಿರಿಯಳು, ಬಸುರಿಯರನ್ನು ಇನ್ನು ಮುಂದೆ ಊರ ಮಗ್ಗುಲಿನ ಹೊಲಗಳಿಗೇ ಹಾಕುತ್ತೇನೆ ಅಂದಳು. ಕೇರಿಯ ಹುಡುಗಿಯರ ಜೊತೆ ಮೊದಲ ಹದಿನೈದು ದಿನ ಆ ಹೆರಿಗೆಯ ಅಜ್ಜಿ ತಾನೇ ಬಂದು ಕೂತಳು. ನಾನೂ ಅದೇ ಸಾಲಿನಲ್ಲಿ ಕೂತು ಉಂಡೆ. ಎರಡು ತಿಂಗಳಲ್ಲಿ ಊಟಕ್ಕೆ ಬರುವವರು ಹನ್ನೊಂದು ಮಂದಿಯಾದರು. ಹತ್ತೊಂಬತ್ತಾಗಲಿಲ್ಲ. ಆದರೆ ಆ ಹನ್ನೊಂದು ನನ್ನ ಭಾಷಣದಿಂದ ಬಂದದ್ದಲ್ಲ.

ಇದನ್ನೇ ನನಗಿಂತ ಬಹಳ ಮೊದಲು, ಬಹಳ ಶಿಸ್ತಿನಿಂದ ಮಾಡಿದವರಿದ್ದಾರೆ. ಜಾರ್ಖಂಡಿನ ಚಕ್ರಧರಪುರದಲ್ಲಿ ‘ಏಕಜುಟ್’ ಎಂಬ ಸಂಸ್ಥೆ ಇದೆ. ಡಾ. ಪ್ರಶಾಂತ ತ್ರಿಪಾಠಿ ಮತ್ತು ಡಾ. ನಿರ್ಮಲಾ ನಾಯರ್ ಕಟ್ಟಿದ್ದು. 2005ರಿಂದ 2008ರವರೆಗೆ ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳ ಆದಿವಾಸಿ ಊರುಗಳಲ್ಲಿ ಅವರು ಒಂದು ಅಧ್ಯಯನ ನಡೆಸಿದರು. ಔಷಧಿ ಹಂಚಲಿಲ್ಲ, ದುಡ್ಡು ಕೊಡಲಿಲ್ಲ. ತಿಂಗಳಿಗೊಮ್ಮೆ ಹೆಂಗಸರ ಸಭೆ, ಅಷ್ಟೆ. ನಡೆಸುವವಳು ಅದೇ ಸೀಮೆಯವಳು, ಅದೇ ಭಾಷೆಯವಳು. ಚಿತ್ರದ ಕಾರ್ಡುಗಳನ್ನು ನೆಲದ ಮೇಲೆ ಹರಡಿ, ಬಾಣಂತಿಗೆ, ಕೂಸಿಗೆ ಏನೇನು ಕಷ್ಟ ಬರುತ್ತದೆ ಎಂದು ಮಾತಾಡುವುದು, ಯಾವುದು ದೊಡ್ಡ ಕಷ್ಟ ಎಂದು ಕಲ್ಲು ಇಟ್ಟು ಮತ ಹಾಕುವುದು, ಕಥೆ ಕಟ್ಟುವುದು, ನಮ್ಮ ಊರಲ್ಲಿ ನಾವೇನು ಮಾಡಬಹುದು ಎಂದು ತೀರ್ಮಾನಿಸಿ ಮಾಡುವುದು, ಆಮೇಲೆ ಅದು ಆಯಿತೋ ಇಲ್ಲವೋ ಎಂದು ತಾವೇ ಅಳೆಯುವುದು. ಇಂಥ ಸಭೆ ನಡೆದ ಊರುಗಳಲ್ಲಿ ಹುಟ್ಟಿದ ತಿಂಗಳೊಳಗೆ ಸಾಯುವ ಕೂಸುಗಳ ಪ್ರಮಾಣ, ಸಭೆ ಇಲ್ಲದ ಊರುಗಳಿಗಿಂತ ಮೂರು ವರ್ಷದ ಒಟ್ಟು ಲೆಕ್ಕದಲ್ಲಿ ಶೇ 32ರಷ್ಟು, ಕೊನೆಯ ಎರಡು ವರ್ಷ ಶೇ 45ರಷ್ಟು ಕಡಿಮೆ ಇತ್ತು. 2010ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ಆಮೇಲೆ ಲೆಕ್ಕ ಬಿಡಿಸಿ ನೋಡಿದಾಗ ಹೆಚ್ಚು ಉಪಯೋಗ ಆದದ್ದು ಅತಿ ಬಡವರಿಗೆ, ಅತಿ ಹಿಂದುಳಿದವರಿಗೆ ಎಂಬುದು. ಸಾಮಾನ್ಯವಾಗಿ ಯೋಜನೆಗಳು ಮೊದಲು ಮುಟ್ಟುವುದು ಇದ್ದುದರಲ್ಲಿ ಅನುಕೂಲಸ್ಥರನ್ನು. ಇಲ್ಲಿ ತಿರುಗಾಮುರುಗಾ ಆಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಬಗೆಯ ಹೆಂಗಸರ ಗುಂಪುಗಳನ್ನು ಶಿಫಾರಸು ಮಾಡಿತು.

ಈಗ ನಿನ್ನ 64 ಪ್ರಶ್ನೆಗೆ ಬರೋಣ. ಅದನ್ನು ಮಡಚಿ ಚೀಲದಲ್ಲಿಡು. ರಾತ್ರಿ ಊಟವಾದ ಮೇಲೆ ಹೋಗು. ‘ನಿನ್ನೆ’ಯ ಬಗ್ಗೆ ಕೇಳು, ‘ದಿನಾ’ ಎಂದು ಕೇಳಿದರೆ ಹೂಂ ಬರುತ್ತದೆ, ‘ನಿನ್ನೆ ಕೂಸು ಬೆಳಿಗ್ಗೆ ಏನು ತಿಂತವ್ವ’ ಎಂದರೆ ಕಥೆ ಬರುತ್ತದೆ. ಅತ್ತೆಯನ್ನೂ ಕೂರಿಸಿಕೋ, ಯಾಕೆಂದರೆ ಹಗಲಿಡೀ ಕೂಸು ಇರುವುದು ಅವಳ ಮಡಿಲಲ್ಲಿ. ಬೇಡ ಎನ್ನುವವರಿಗೆ ಬೇಡ ಎನ್ನಲು ಬಿಡು.

‘ಆದರೆ ಯಾಕೆ’ ಎಂಬ ಆಟವೊಂದಿದೆ, ಚಕ್ರಧರಪುರದವರೂ ಆಡಿಸುವುದೇ. ಕೂಸು ಸೊರಗಿದೆ. ಯಾಕ? ಪದೇ ಪದೇ ಭೇದಿ. ಆದರ ಯಾಕ? ನೀರು ಸರಿ ಇಲ್ಲ. ಆದರ ಯಾಕ? ನಾಲ್ಕು ದಿನದ ನೀರು ತುಂಬಿಟ್ಟುಕೊಳ್ಳುತ್ತೇವೆ. ಆದರ ಯಾಕ? ನಲ್ಲಿ ಮೇಲಿನ ಓಣಿಗೆ ನಿಂತಿದೆ, ಕೇರಿಗೆ ಬಂದಿಲ್ಲ. ನೋಡು ತಂಗಿ, ನಾಲ್ಕನೇ ‘ಯಾಕ’ಕ್ಕೆ ಪ್ರಶ್ನೆ ತಾಯಿಯನ್ನು ದಾಟಿ ಪಂಚಾಯಿತಿ ಬಾಗಿಲಿಗೆ ಬಂತು. ನಿನ್ನ ನಮೂನೆಯಲ್ಲಿ ಪಂಚಾಯಿತಿಗೆ ಕೇಳುವ ಪ್ರಶ್ನೆ ಎಷ್ಟಿವೆ, ಒಮ್ಮೆ ಎಣಿಸು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ಅನುಭವದಲ್ಲಿ ಬಡವರ ಮಕ್ಕಳ ಅಪೌಷ್ಟಿಕತೆಗೆ ಮುಖ್ಯ ಕಾರಣ ಪೋಷಕರ ಅಜ್ಞಾನ. ಮನೆಯಲ್ಲಿ ಶೇಂಗಾ, ಬೇಳೆ ಇದ್ದರೂ ಮಗುವಿಗೆ ಐದು ರೂಪಾಯಿ ಚಿಪ್ಸ್ ಪೊಟ್ಟಣ ಕೊಡಿಸುತ್ತಾರೆ. ತಿಳುವಳಿಕೆ ಕೊಟ್ಟರೆ ಸಾಕಲ್ಲವೇ?
– ಓದುಗರು, ಧಾರವಾಡ

ಉತ್ತರ: ಗುರುಗಳೇ, ನಿಮ್ಮ ಕಾಳಜಿ ನಿಜವಾದದ್ದು. ಆದರೆ ‘ಸಾಕಲ್ಲವೇ’ ಎಂಬ ಮಾತನ್ನು ನಾನು ಒಪ್ಪಲಾರೆ.

ಆ ಪೊಟ್ಟಣ ಕೊಡಿಸುವ ತಾಯಿಯನ್ನು ನಾನೂ ಬೈದಿದ್ದೇನೆ. ಹತ್ತಿರ ಕೂತು ನೋಡಿದ ಮೇಲೆ ಬೈಯುವುದು ಬಿಟ್ಟೆ. ಎರಡು ವರ್ಷದ ಕೂಸನ್ನು ಆರು ವರ್ಷದ ಅಕ್ಕನ ಸುಪರ್ದಿಗೆ ಬಿಟ್ಟು ಹೋಗುವಾಗ ಆ ಐದು ರೂಪಾಯಿಯಿಂದ ಅವಳು ಅರ್ಧ ಗಂಟೆಯ ನಿಶ್ಶಬ್ದ ಕೊಳ್ಳುತ್ತಾಳೆ. ಶೇಂಗಾ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿ, ಪಕ್ಕದಲ್ಲಿ ಕೂತು ತಿನ್ನಿಸಲು ಒಬ್ಬ ಮನುಷ್ಯ ಬೇಕು. ಆ ಮನೆಯಲ್ಲಿ ಆ ಹೊತ್ತಿಗೆ ಅಂಥ ಮನುಷ್ಯ ಇಲ್ಲ.

ತಿಳುವಳಿಕೆ ಎಷ್ಟು ದೂರ ಹೋಗುತ್ತದೆ ಎಂಬುದನ್ನೂ ಅದೇ ಏಕಜುಟ್‌ನವರು ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿದ್ದಾರೆ. ಜಾರ್ಖಂಡಿನ ಪಶ್ಚಿಮ ಸಿಂಗಭೂಮ್ ಮತ್ತು ಒಡಿಶಾದ ಕೆಂದುಝರ್ ಜಿಲ್ಲೆಗಳಲ್ಲಿ ಹೆಂಗಸರ ಸಭೆಯ ಜೊತೆಗೆ ಮನೆಮನೆಗೆ ಕಾರ್ಯಕರ್ತೆಯನ್ನು ಕಳಿಸಿದರು. 2017ರಲ್ಲಿ ಫಲಿತಾಂಶ ಬಂತು. ಮಕ್ಕಳ ತಟ್ಟೆಯಲ್ಲಿ ಬಗೆಬಗೆಯ ಆಹಾರ ಹೆಚ್ಚಿತ್ತು, ಕೈ ತೊಳೆಯುವುದು ಹೆಚ್ಚಿತ್ತು, ವರ್ಷದೊಳಗಿನ ಮಕ್ಕಳ ಸಾವು ಕಡಿಮೆಯಾಗಿತ್ತು. ಆದರೆ 18 ತಿಂಗಳ ಮಕ್ಕಳ ಎತ್ತರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಾಯಂದಿರು ಕೇಳಿದರು, ಕಲಿತರು, ಮಾಡಿದರು. ಆದರೂ ಕೂಸು ಅಷ್ಟೆತ್ತರಕ್ಕೆ ಬೆಳೆಯಲಿಲ್ಲ. ಮುಂದೆ ಜಾರ್ಖಂಡ್, ಒಡಿಶಾ ಕಡೆ ಸಭೆ ಮತ್ತು ಮನೆ ಭೇಟಿಯ ಜೊತೆಗೆ ಮೂರು ವರ್ಷದೊಳಗಿನವರಿಗೆ ಶಿಶುಪಾಲನಾ ಕೇಂದ್ರವನ್ನೂ ನಡೆಸಿದ ಹಳ್ಳಿಗಳಲ್ಲಿ ಕಡಿಮೆ ತೂಕದ ಮಕ್ಕಳ ಪ್ರಮಾಣ ಇಳಿಯಿತು. ಛತ್ತೀಸಗಢದ ‘ಫುಲ್ವಾರಿ’ಗಳಲ್ಲಂತೂ ತಾಯಂದಿರೇ ಪಾಳಿಯ ಮೇಲೆ ಒಬ್ಬರ ಕೂಸನ್ನು ಒಬ್ಬರು ನೋಡಿಕೊಂಡು ಉಣಿಸುತ್ತಿದ್ದರು. ನಮ್ಮಲ್ಲಿ 2023ರಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಕೂಡ ಇದೇ ಜಾಡಿನದು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿ ನಡೆಸಬೇಕಾದದ್ದು. ನಿಮ್ಮ ಊರಿನದು ಬಾಗಿಲು ತೆರೆದಿದೆಯೇ, ಒಲೆ ಉರಿಯುತ್ತಿದೆಯೇ ಎಂದು ನಿವೃತ್ತರಾದ ನಮ್ಮಂಥವರು ವಾರಕ್ಕೊಮ್ಮೆ ಹೋಗಿ ನೋಡಿದರೆ ಎಷ್ಟೋ ಕೆಲಸವಾಗುತ್ತದೆ.

ಇನ್ನೊಂದು ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 36.2 ಇತ್ತು. ಇಷ್ಟು ವರ್ಷ ನಾವು ಭಿತ್ತಿಪತ್ರ ಅಂಟಿಸಿದ್ದೇವೆ, ಪೋಷಣ ಮಾಸ ಮಾಡಿದ್ದೇವೆ, ನಾನೇ ನೂರಾರು ಭಾಷಣ ಮಾಡಿದ್ದೇನೆ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮನೆಯ ತಾಯಂದಿರು ದಡ್ಡರು ಎಂದು ನಂಬುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ, ಗುರುಗಳೇ.

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯವರು. ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿದ್ದೇವೆ. ನನ್ನ ತಂಗಿಯ ಮಗಳಿಗೆ ಒಂದು ವರ್ಷ ಎರಡು ತಿಂಗಳು. ಬಹಳ ಸಣ್ಣಗಾಗಿದ್ದಾಳೆ. ಹತ್ತಿರದ ಅಂಗನವಾಡಿಯಲ್ಲಿ ‘ಆಧಾರ್ ನಿಮ್ಮ ಊರಿನದು, ಇಲ್ಲಿ ಬರೆದುಕೊಳ್ಳಲು ಬರುವುದಿಲ್ಲ’ ಅಂದರು. ತಂಗಿಗೆ ಓದು ಬಾರದು, ನಾನು ಬರೆಯುತ್ತಿದ್ದೇನೆ.
– ಅಣ್ಣ, ಬೆಂಗಳೂರು

ಉತ್ತರ: ಅಣ್ಣಾ, ಮೊದಲು ಕೂಸಿನ ತೋಳು ಅಳೆಸಿ. ಇವತ್ತೇ. ಆಶಾ ಕಾರ್ಯಕರ್ತೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲರ ಹತ್ತಿರವೂ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಇರುತ್ತದೆ. ಎಡ ತೋಳಿನ ನಡುಭಾಗ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಪಾದ ಊದಿಕೊಂಡಿದ್ದರೆ, ಹಾಲು–ಅನ್ನ ಎರಡನ್ನೂ ಬಿಟ್ಟಿದ್ದರೆ, ಮೈ ಸುಡುತ್ತಿದ್ದರೆ ಅಳತೆಗೂ ಕಾಯಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ‘ಪೌಷ್ಟಿಕ ಪುನಶ್ಚೇತನ ಕೇಂದ್ರ’ ಇರುತ್ತದೆ; ಎನ್‌ಆರ್‌ಸಿ ಎಂದು ಕೇಳಿ. ಸುಮಾರು ಎರಡು ವಾರ ತಾಯಿ–ಮಗು ಅಲ್ಲೇ ಇರಬೇಕು. ಕೂಲಿ ಹೋಗುತ್ತದೆ ಎಂದು ಅರ್ಧಕ್ಕೆ ಎದ್ದು ಬರುವವರನ್ನು ಬಹಳ ನೋಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅಲ್ಲಿರುವಷ್ಟು ದಿನ ತಾಯಿಗೆ ಊಟ, ಕೂಲಿಯ ಬದಲು ಭತ್ಯೆ ಕೊಡುವ ವ್ಯವಸ್ಥೆ ಇದೆ. ಸೇರಿಸುವಾಗಲೇ ಅದನ್ನು ಕೇಳಿ ಬರೆಸಿಕೊಳ್ಳಿ.

‘ಬರೆದುಕೊಳ್ಳಲು ಬರುವುದಿಲ್ಲ’ ಎಂಬುದು ತಪ್ಪು. ಅಂಗನವಾಡಿಯವರು ಹೆಸರು ದಾಖಲಿಸುವ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಬಂದವರ ಹೆಸರು ವರ್ಗಾಯಿಸಲು ಅವಕಾಶವಿದೆ. ಮಗುವಿಗೆ ಆಧಾರ್ ಇಲ್ಲದಿದ್ದರೆ ತಾಯಿಯದು ನಡೆಯುತ್ತದೆ. ಊರಲ್ಲಿ ಕೊಟ್ಟ ತಾಯಿ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ. ಮತ್ತೆ ಇಲ್ಲ ಅಂದರೆ ಜಗಳ ಬೇಡ, ಆ ವಲಯದ ಮೇಲ್ವಿಚಾರಕಿ ಯಾರು ಎಂದು ಕೇಳಿ. ಆ ಕುರ್ಚಿಯಲ್ಲಿ ಕೂತು ಬಂದವಳು ನಾನು; ಎದುರಿಗೆ ನಿಂತು ಕೇಳಿದರೆ ಇಲ್ಲ ಅನ್ನುವುದು ಕಷ್ಟ.

ನಿಮ್ಮ ಶೆಡ್ಡುಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ, ಎಣಿಸಿ. ವಸತಿಯಲ್ಲಿ ಅಂಥ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಣ್ಣಾಳು ಇರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಮತ್ತು ನೋಡಿಕೊಳ್ಳುವವರನ್ನು ಮಾಲೀಕರೇ ಒದಗಿಸಬೇಕು ಎಂದು ಹೇಳಿತ್ತು. ಪಡಿತರವನ್ನೂ ಊರಿಗೆ ಹೋಗಿ ತರಬೇಕಿಲ್ಲ, ಅದೇ ಕಾರ್ಡಿನಲ್ಲಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು. ಲೇಬರ್ ಕಾರ್ಡ್ ಮಾಡಿಸಿರದಿದ್ದರೆ ತಂಗಿಯ ಹೆಸರಲ್ಲೇ ಮಾಡಿಸಿ. ಹೆರಿಗೆಗೆ, ಕೂಸಿಗೆ ಸಹಾಯಧನಗಳು ಹೆಂಗಸಿನ ಕಾರ್ಡಿಗೇ ಸೇರಿವೆ.

ತೋಳು ಹಳದಿ ಗೆರೆಯಲ್ಲಿದ್ದರೆ ಮನೆಯಲ್ಲೇ ಎತ್ತಬಹುದು. ಎದೆಹಾಲು ಬಿಡಿಸಬೇಡಿ. ಈ ವಯಸ್ಸಿಗೆ ದಿನಕ್ಕೆ ಮೂರು–ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ತಿಂಡಿ. ಮುಕ್ಕಾಲು ಬಟ್ಟಲು ಗಟ್ಟಿ ಊಟ. ಚಮಚದಿಂದ ಸುರಿದು ಹೋಗುವಷ್ಟು ನೀರಾಗಿರಬಾರದು. ಬೇಳೆಯ ತಿಳಿಯಲ್ಲಿ ಏನೂ ಇರುವುದಿಲ್ಲ, ಕೆಳಗಿನ ಬೇಳೆ ಹಿಸುಕಿ ಹಾಕಿ. ಮೇಲೊಂದು ಚಮಚ ಎಣ್ಣೆ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು. ನೆಂಟರಲ್ಲಿ ಯಾರಾದರೂ ಒಬ್ಬ ಹಿರಿಯಳು ಊರಿಂದ ಬಂದು ಎರಡು ತಿಂಗಳು ಇರಲು ಸಾಧ್ಯವೇ ಎಂದೂ ನೋಡಿ. ಉಣಿಸುವ ಕೈ ಸಿಕ್ಕರೆ ಅರ್ಧ ಔಷಧಿ ಸಿಕ್ಕಂತೆ. ಅಳತೆ ಎಷ್ಟು ಬಂತು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ಆಟೊ ಓಡಿಸುತ್ತೇನೆ. ಮಗನಿಗೆ ಒಂದೂವರೆ ವರ್ಷ. ಬೇರೆಯವರ ಮಕ್ಕಳಿಗೆ ಇರುವ ಆಟಿಕೆ, ಟ್ಯಾಬ್ ನನ್ನಿಂದ ಆಗದು. ಬುದ್ಧಿ ಬೆಳೆಯದೆ ಹಿಂದುಳಿಯುತ್ತಾನೆಯೇ?
– ತಂದೆ, ಸಿಂಧನೂರು

ಉತ್ತರ: ಇಲ್ಲ ತಮ್ಮಾ. ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986–87ರಲ್ಲಿ ಎತ್ತರ ಕುಂಠಿತವಾದ 129 ಕೂಸುಗಳನ್ನು ಆಯ್ದು ಒಂದು ಅಧ್ಯಯನ ಶುರು ಮಾಡಿದರು. ಅವರಲ್ಲಿ ಕೆಲವರ ಮನೆಗೆ ಸ್ಥಳೀಯ ಆರೋಗ್ಯ ಸಹಾಯಕಿ ವಾರಕ್ಕೊಮ್ಮೆ ಒಂದು ಗಂಟೆ, ಎರಡು ವರ್ಷ ಹೋದಳು. ಅವಳ ಚೀಲದಲ್ಲಿದ್ದದ್ದು ಬಿಸಾಡುವ ಡಬ್ಬಿ, ಮುಚ್ಚಳಗಳಿಂದ ಮಾಡಿದ ಆಟಿಕೆ. ಅವಳು ಕೂಸಿನ ಜೊತೆ ಆಡುತ್ತಾ ಆಡುತ್ತಾ ತಾಯಿಗೆ ಆಡಿಸುವುದನ್ನು ತೋರಿಸುತ್ತಿದ್ದಳು. ಇಪ್ಪತ್ತು ವರ್ಷದ ಮೇಲೆ ಹುಡುಕಿ ನೋಡಿದರೆ, ಆ ಭೇಟಿ ಸಿಕ್ಕಿದ್ದ ಮಕ್ಕಳ ದುಡಿಮೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು.

ನೀವು ಸಂಜೆ ಮನೆಗೆ ಬಂದಾಗ ಫೋನು ಅತ್ತ ಇಟ್ಟು ಅರ್ಧ ಗಂಟೆ ಅವನ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಖಾಲಿ ಬಾಟಲಿಯಲ್ಲಿ ದೊಡ್ಡ ಹುಣಸೆ ಬೀಜ ಹಾಕಿ ಮುಚ್ಚಳ ಬಿಗಿದು ಕೊಡಿ. ಲೋಟದೊಳಗೆ ಲೋಟ ಇಡಲಿ. ಆನಿ ಬಂತೊಂದಾನಿ ಹಾಡಿ. ಅವನು ‘ಬಾ’ ಅಂದರೆ ‘ಬಾಳೆಹಣ್ಣು ಬೇಕೇನೊ’ ಎಂದು ಪೂರಾ ಮಾಡಿ ಹೇಳಿ. ಅಪ್ಪ ಮಾತಾಡುವ ಮನೆಯ ಕೂಸು ಹಿಂದೆ ಬಿದ್ದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ನಮ್ಮ ಸಂಘದ ಹೆಂಗಸರು ಎರಡು ವರ್ಷದ ಹಿಂದೆ ಒಂದು ತಂಡಕ್ಕೆ ತಿಂಗಳುಗಟ್ಟಲೆ ಮಾಹಿತಿ ಕೊಟ್ಟೆವು. ಮಕ್ಕಳ ತೂಕ, ಎತ್ತರ, ನಮ್ಮ ರಕ್ತ ಎಲ್ಲ ತೆಗೆದುಕೊಂಡರು. ಆಮೇಲೆ ಯಾರೂ ಬರಲಿಲ್ಲ. ಈಗ ಮತ್ತೊಂದು ತಂಡ ಬಂದಿದೆ. ಏನು ಮಾಡಬೇಕು?
– ಸ್ತ್ರೀಶಕ್ತಿ ಸಂಘದ ಸದಸ್ಯೆಯರು, ದೇವದುರ್ಗ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಬೀರುವಿನಲ್ಲೂ ಹಳೆಯ ತೂಕದ ನೋಟುಬುಕ್ಕುಗಳಿವೆ. ಸಾವಿರಾರು ಕೂಸುಗಳ ತೂಕ ಬರೆದು ಮೇಲಕ್ಕೆ ಕಳಿಸಿದೆ. ಆ ಅಂಕಿಗಳನ್ನು ಅವರವರ ಓಣಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದು ತೀರಾ ಕಡೆಯ ಕೆಲವು ವರ್ಷ ಮಾತ್ರ. ಓದಿ ಹೇಳಿದಾಗ ತಾಯಂದಿರು ನನ್ನ ತಪ್ಪು ತಿದ್ದಿದರು: “ಅಕ್ಕೋರ, ಆ ತಿಂಗಳ ನನ್ನ ಮಗ ಊರಾಗ ಇದ್ದಿಲ್ಲ, ತೂಕ ಎಲ್ಲಿಂದ ಬಂತ್ರಿ?” ಕಾರ್ಯಕರ್ತೆ ಅಂದಾಜಿನ ಮೇಲೆ ಬರೆದಿದ್ದಳು. ಅಂಥ ಅಂದಾಜುಗಳು ಎಷ್ಟು ಮೇಲಕ್ಕೆ ಹೋಗಿವೆಯೋ ಎಂದು ಈಗಲೂ ಹೊಟ್ಟೆ ತೊಳಸುತ್ತದೆ.

ಹೊಸ ತಂಡವನ್ನು ಬಾಗಿಲಲ್ಲೇ ವಾಪಸ್ ಕಳಿಸಬೇಡಿ, ಕೂರಿಸಿ ನೀರು ಕೊಡಿ. ಆಮೇಲೆ ಕೇಳಿ. ಇದನ್ನು ಯಾರು ಮಾಡಿಸುತ್ತಿದ್ದಾರೆ? ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುತ್ತೀರಾ, ಒಂದು ಪ್ರತಿ ನಮಗೆ ಬಿಡುತ್ತೀರಾ? ರಕ್ತ ಕಡಿಮೆ ಎಂದು ಗೊತ್ತಾದ ಹೆಂಗಸಿಗೆ ಅದೇ ದಿನ ಹೇಳುತ್ತೀರಾ, ಗುಳಿಗೆಗೆ ಎಲ್ಲಿ ಹೋಗಬೇಕೆಂದು ತಿಳಿಸುತ್ತೀರಾ? ಕೇಳಬೇಕಾದ ಪ್ರಶ್ನೆಗಳಲ್ಲಿ ನಮ್ಮವೂ ಎರಡು ಸೇರಿಸುತ್ತೀರಾ? ಎಣಿಸುವ, ಅಳೆಯುವ ಕೆಲಸಕ್ಕೆ ನಮ್ಮಲ್ಲೇ ಓದಿದ ಸೊಸೆಯಂದಿರಿದ್ದಾರೆ, ಕೂಲಿ ಕೊಟ್ಟು ಅವರನ್ನು ಸೇರಿಸಿಕೊಳ್ಳುತ್ತೀರಾ? ಕೂಲಿಯ ಮಾತು ನಾಚಿಕೆಯಿಲ್ಲದೆ ಕೇಳಿ. ಅವರು ಸಂಬಳಕ್ಕೆ ಬಂದವರು, ನಿಮ್ಮ ಹೊತ್ತೂ ಪುಕ್ಕಟೆಯಲ್ಲ.

ಹಳೆಯ ತಂಡಕ್ಕೂ ಒಂದು ಪತ್ರ ಹಾಕಿ. ಎರಡೇ ಸಾಲು ಸಾಕು: ನಮ್ಮೂರಿನ ಇಷ್ಟು ಮಕ್ಕಳನ್ನು ಅಳೆದಿರಿ, ಏನು ಕಂಡಿತು ಎಂದು ನಮ್ಮ ಭಾಷೆಯಲ್ಲಿ ತಿಳಿಸಿ. ಸಂಘದ ಮುದ್ರೆ ಒತ್ತಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹದಿನೈದು ದಿನ ನೋಡಿ. ಉತ್ತರ ಬರದಿದ್ದರೆ ನನಗೆ ತಿಳಿಸಿ. ರಾಯಚೂರಿನಿಂದ ದೇವದುರ್ಗಕ್ಕೆ ಬೆಳಿಗ್ಗೆಯ ಬಸ್ಸು ಹಿಡಿದು ಬರುತ್ತೇನೆ, ಎಲ್ಲರೂ ಸೇರಿಯೇ ಹೋಗಿ ಕೇಳೋಣ.